ನಂಬರಕ್ಕ ಹಿಡಿದ ಪಾದಗಳು

ಅವಳಿಗೆ ನಂಬರಕ್ಕ ಎಂದು ಹೆಸರಿಟ್ಟವರು ನಮ್ಮ ವಾರ್ಡಿನ ನರ್ಸುಗಳು. ಕೆಲಸಕ್ಕೆ ಸೇರಿದ ಮೊದಲ ದಿನವೇ ಬಟ್ಟೆ ಬದಲಿಸುವ ಕೋಣೆಯಲ್ಲಿ ಸಾಲಾಗಿ ಕೂತಿದ್ದವರ ಬರಿಗಾಲು ನೋಡುತ್ತಾ, "ನೀವು ಆರು, ನೀವು ಐದು, ನೀವು ಹಾಕ್ಕೊಳ್ಳೋದು ಏಳು ಆದ್ರೆ ನಿಮ್ಮ ಕಾಲು ಎಂಟು, ಅದಕ್ಕೇ ಸಂಜೆ ಹೊತ್ತಿಗೆ ಸಿಡಿಮಿಡಿ ಅಂತೀರಿ" ಎಂದುಬಿಟ್ಟಳು. ಕೊನೆಯ ಮಾತು ಬಿದ್ದದ್ದು ನನಗೆ. ನಾನು ಆ ವಾರ್ಡಿನ ಜವಾಬ್ದಾರಿ ಹೊತ್ತ ನರ್ಸ್. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನನ್ನ ಸಿಡುಕಿಗೆ ಚಪ್ಪಲಿ ಕಾರಣವಿರಬಹುದು ಎಂದವಳು ಅವಳೊಬ್ಬಳೇ. ಉಳಿದವರೆಲ್ಲ ಹುಟ್ಟುಗುಣ ಸುಟ್ಟರೂ ಹೋಗದು ಎಂದು ಕೈಬಿಟ್ಟಿದ್ದರು.

ಅದಕ್ಕೂ ಮುಂಚೆ ಅವಳು ಇಪ್ಪತ್ತೆರಡು ವರ್ಷ ಒಂದೇ ಚಪ್ಪಲಿ ಅಂಗಡಿಯಲ್ಲಿ ದುಡಿದವಳು. ಪೇಟೆ ಬೀದಿಯ ಅಂಗಡಿ. ಮೂರು ಬೆಂಚು, ನೆಲಕ್ಕೆ ಓರೆಯಾಗಿ ಇಟ್ಟ ಒಂದು ಕನ್ನಡಿ, ಸೂರಿನವರೆಗೆ ಪೇರಿಸಿದ ರಟ್ಟಿನ ಪೆಟ್ಟಿಗೆಗಳು. ಗಿರಾಕಿ ಬೆಂಚಿನ ಮೇಲೆ, ಅವಳು ಒಂದು ಮಂಡಿ ಊರಿ ನೆಲದ ಮೇಲೆ. ಅಂಗಡಿಯಲ್ಲಿ ತಗಡಿನ ಅಳತೆಪಟ್ಟಿ ಇತ್ತು, ಅವಳು ಅದನ್ನು ಮುಟ್ಟುತ್ತಿರಲಿಲ್ಲವಂತೆ. ಹಿಮ್ಮಡಿಯನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈ ಹೆಬ್ಬೆರಳಿನಿಂದ ಪಾದದ ಅಂಚನ್ನು ಒತ್ತಿಕೊಂಡು ಹೋಗಿ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಹಾಗೇ ಹಿಡಿದಿರುತ್ತಿದ್ದಳು. ಆ ಸ್ವಲ್ಪ ಹೊತ್ತಿನಲ್ಲೇ ಅವಳ ವಿದ್ಯೆಯೆಲ್ಲ ಇತ್ತು.

"ಕಾಲನ್ನ ಯಾರಾದ್ರೂ ಹಿಡ್ಕೊಂಡ್ರೆ ಜನಕ್ಕೆ ಅವಸರ ಹೋಗ್ಬಿಡುತ್ತೆ ಸಿಸ್ಟರ್" ಎಂದು ಒಮ್ಮೆ ನನಗೆ ವಿವರಿಸಿದ್ದಳು. "ಬರುವಾಗ ಬಣ್ಣ ಸರಿ ಇಲ್ಲ, ರೇಟು ಜಾಸ್ತಿ ಅಂತ ಕೂಗಾಡ್ಕೊಂಡು ಬರ್ತಾರೆ. ಕಾಲು ಕೈಗೆ ಬಂತು ಅನ್ನಿ, ತಣ್ಣಗಾಗ್ತಾರೆ. ಆಮೇಲೆ ಎಲ್ಲಿ ನೋವು, ಎಷ್ಟು ದಿನದಿಂದ, ಮನೇಲಿ ಯಾರಿದ್ದಾರೆ, ಎಲ್ಲಾ ಅವರೇ ಹೇಳ್ತಾರೆ."

ಅವಳಿಗೆ ಅವಳದೇ ಕಟ್ಟಳೆಗಳಿದ್ದವು. ಚಪ್ಪಲಿಯನ್ನು ಸಂಜೆ ಕೊಳ್ಳಬೇಕು, ಪಾದ ಆಗ ಸ್ವಲ್ಪ ಊದಿರುತ್ತದೆ. ಎರಡು ಕಾಲೂ ಒಂದೇ ಅಳತೆ ಇರುವ ಮನುಷ್ಯ ಹುಟ್ಟಿಲ್ಲ, ದೊಡ್ಡ ಕಾಲಿಗೆ ನೋಡಿ ಕೊಳ್ಳಬೇಕು. ಬಿಗಿಯಾದದ್ದನ್ನು 'ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ' ಎಂದು ಕೊಟ್ಟು ಕಳಿಸುವುದು ಅವಳ ಪ್ರಕಾರ ಜೇಬು ಕತ್ತರಿಸಿದ ಹಾಗೆ. ಇದರಿಂದ ಎಷ್ಟೋ ವ್ಯಾಪಾರ ಕೈತಪ್ಪುತ್ತಿತ್ತು, ಸಾಹುಕಾರ ಗೊಣಗುತ್ತಿದ್ದ, ಆದರೂ ಗಿರಾಕಿಗಳು ಅವಳನ್ನೇ ಕೇಳಿಕೊಂಡು ಬರುತ್ತಿದ್ದರಿಂದ ಇಟ್ಟುಕೊಂಡಿದ್ದ. ತನ್ನ ಬಗ್ಗೆ ಅವಳೇ ಒಂದು ತಮಾಷೆ ಮಾಡಿಕೊಳ್ಳುತ್ತಿದ್ದಳು: "ದಿನಕ್ಕೆ ನಲವತ್ತು ಜನರ ಕಾಲು ಹಿಡಿದಿದ್ದೀನಿ, ಒಬ್ಬನಾದ್ರೂ ಉದ್ಧಾರ ಮಾಡ್ಲಿಲ್ಲ ನೋಡಿ." ಗಂಡ ಎಂಬುವನು ಎಂದೋ ಎದ್ದು ಹೋಗಿದ್ದ. ಒಬ್ಬಳೇ ಮಗಳು, ಮದುವೆಯಾಗಿ ದೂರದ ಊರಿನಲ್ಲಿದ್ದಳು. ಇವಳದು ಒಂದು ಬಾಡಿಗೆ ಕೋಣೆ, ನಾಲ್ಕು ಮನೆಗೆ ಒಂದೇ ನಲ್ಲಿ.

ಊರಿಗೆಲ್ಲ ಅಂಟುರೋಗ ಬಂತು, ಅಂಗಡಿಗಳ ಬಾಗಿಲು ಬಿತ್ತು. ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಹೆಂಗಸರು ಬೇಕು ಎಂದು ನಾವು ಗೇಟಿಗೆ ಬೋರ್ಡು ಹಾಕಿ ಎರಡು ವಾರ ಕಾದರೂ ಒಂದು ನರಪಿಳ್ಳೆಯೂ ಸುಳಿದಿರಲಿಲ್ಲ. ಹೆದರಿದವರನ್ನು ದೂರುವ ಹಾಗಿರಲಿಲ್ಲ, ನಮಗೂ ಹೆದರಿಕೆಯಿತ್ತು. ಆಗ ಬಂದವಳು ಇವಳು. ಅರ್ಜಿಯಲ್ಲಿ 'ಅನುಭವ' ಎಂಬ ಕಡೆ 'ಚಪ್ಪಲಿ ಅಂಗಡಿ, ಇಪ್ಪತ್ತೆರಡು ವರ್ಷ' ಎಂದು ದುಂಡಗೆ ಬರೆದಿದ್ದಳು. ನಾನು ಓದಿ, ಇದೇನು ಗ್ರಹಚಾರ ಎಂದುಕೊಂಡು ಸಹಿ ಹಾಕಿದೆ.

ನಮ್ಮ ವಾರ್ಡು ನಾಲ್ಕನೇ ಮಹಡಿಯಲ್ಲಿ, ಇಪ್ಪತ್ತನಾಲ್ಕು ಮಂಚ. ಉಸಿರಾಟ ತೀರಾ ಕಷ್ಟವಾದವರು ಅಲ್ಲಿಗೆ ಬರುತ್ತಿದ್ದರು. ಅವರನ್ನು ಬೋರಲಾಗಿ ಮಲಗಿಸುತ್ತಿದ್ದೆವು, ಹಾಗೆ ಮಲಗಿದರೆ ಶ್ವಾಸಕೋಶಕ್ಕೆ ಸ್ವಲ್ಪ ಬಿಡುವು ಸಿಗುತ್ತದೆ. ನಾಲ್ಕು ಜನ ಸೇರಿ ಒಬ್ಬರನ್ನು ಮಗುಚಬೇಕು. ಮುಖ ಒಂದು ಮಗ್ಗುಲಿಗೆ, ಮೂಗು ಬಾಯಿಯ ಮೇಲೆ ಬಿಗಿದ ಮಾಸ್ಕು, ಕೈಗಳಲ್ಲಿ ಸೂಜಿ, ನಳಿಕೆ. ಹಾಗೆ ಗಂಟೆಗಟ್ಟಲೆ ಬಿದ್ದಿರುವ ಮನುಷ್ಯನಿಗೆ ಕಾಣುವುದು ನೆಲದ ಎರಡು ಟೈಲ್ಸು ಮತ್ತು ಅದರ ಮೇಲೆ ದಾಟಿಹೋಗುವ ಪ್ಲಾಸ್ಟಿಕ್ ಸುತ್ತಿದ ಬೂಟುಗಳು. ಡಾಕ್ಟರು ಬಂದರೂ ಅದೇ ಬೂಟು, ಕಸ ಗುಡಿಸುವವಳು ಬಂದರೂ ಅದೇ.

ಅಲ್ಲಿ ನಾನು ಕಟ್ಟುನಿಟ್ಟು ಮಾಡಿದ್ದೆ. ಒಂದು ಮಂಚಕ್ಕೆ ಒಂದು ಸಲಕ್ಕೆ ಐದು ನಿಮಿಷ. ಎರಡು ಜೊತೆ ಗ್ಲೌಸು. ಕೆಲಸವಿದ್ದರೆ ಮುಟ್ಟು, ಕೆಲಸವಿಲ್ಲದಿದ್ದರೆ ಮುಟ್ಟಬೇಡ. ಬೆನ್ನ ಹಿಂದೆ ನನ್ನನ್ನು ಪೊಲೀಸ್ ಎನ್ನುತ್ತಿದ್ದರು, ಅದೂ ನನ್ನ ಕಿವಿಗೆ ಬಿದ್ದಿತ್ತು. ಅನ್ನಲಿ. ಆ ತಿಂಗಳ ಮೊದಲ ವಾರ ನಮ್ಮಲ್ಲೇ ಒಬ್ಬಳು ಹೋಗಿದ್ದಳು, ಮೂವತ್ತೊಂದು ವರ್ಷದ ನರ್ಸ್, ನಾನೇ ಕೆಲಸ ಕಲಿಸಿದವಳು. ಇನ್ನೊಬ್ಬಳನ್ನು ಕಳೆದುಕೊಳ್ಳುವುದಿಲ್ಲ ಎಂದು ಹಟ ಹಿಡಿದಿದ್ದೆ. ಆ ಹಟ ತಪ್ಪು ಎಂದು ಇಂದಿಗೂ ಅನಿಸಿಲ್ಲ. ಆದರೆ ಅದರಿಂದ ಏನಾಯಿತು ಎಂಬುದನ್ನು ಹೇಳಬೇಕು.

ನಂಬರಕ್ಕ ಬಂದ ಮೂರನೆಯ ದಿನ. ಹನ್ನೊಂದನೇ ಮಂಚದಲ್ಲಿ ಒಬ್ಬ ಲಾರಿ ಡ್ರೈವರ್ ಇದ್ದ, ತಾಳೆಮರದಂಥ ಆಳು. ಹೆದರಿ ಹೆದರಿ ಮಾಸ್ಕು ಕಿತ್ತು ಹಾಕುತ್ತಿದ್ದ. ಎರಡು ಸಲ ಹೇಳಿದೆವು, ಗದರಿದೆವು, ಕೊನೆಗೆ ಕೈ ಕಟ್ಟಿಹಾಕಲು ಪಟ್ಟಿ ತರಿಸಿದೆ. ಅಷ್ಟರಲ್ಲಿ ಇವಳು ಮಂಚದ ಕಾಲ್ದೆಸೆಗೆ ಹೋಗಿ ನಿಂತಿದ್ದಳು. ಅವನ ಪಾದಗಳು ಹಾಸಿಗೆ ದಾಟಿ ಗೇಣುದ್ದ ಹೊರಗೆ ಚಾಚಿದ್ದವು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಈ ಪುಣ್ಯಾತ್ಮ ಏನು ಮಾಡ್ಬೇಕು ಹೇಳಿ" ಎಂದು ಮಂಡಿ ಊರಿ ಕೂತಳು. ಹಿಮ್ಮಡಿಗೆ ಅಂಗೈ ಕೊಟ್ಟಳು. ಹೆಬ್ಬೆರಳನ್ನು ಅಂಚಿನುದ್ದಕ್ಕೂ ಒತ್ತಿದಳು. "ಹನ್ನೊಂದನೇ ನಂಬರು. ಬಲಗಾಲು ದೊಡ್ಡದು, ಆಕ್ಸಿಲೇಟರ್ ತುಳಿದೂ ತುಳಿದೂ" ಎಂದು ಜೋರಾಗಿ ಹೇಳಿದಳು. ಆಮೇಲೆ ಸುಮ್ಮನೆ ಹಿಡಿದುಕೊಂಡಳು.

ಅವನ ಆಕ್ಸಿಜನ್ ಪ್ರಮಾಣ ಏರಿತು ಎಂದು ಬರೆದರೆ ಸುಳ್ಳಾಗುತ್ತದೆ. ಏರಲಿಲ್ಲ. ಆದರೆ ಅವನು ಮಾಸ್ಕಿನ ಮೇಲಿದ್ದ ಕೈ ತೆಗೆದ. ಬೆನ್ನು ಏರಿಳಿಯುತ್ತಿದ್ದ ವೇಗ ಸ್ವಲ್ಪ ಇಳಿಯಿತು. ಪಟ್ಟಿ ಹಾಗೇ ವಾಪಸ್ ಹೋಯಿತು. ನಾಲ್ಕು ದಿನದ ಮೇಲೆ ಅವನು ತೀರಿಕೊಂಡ, ಕೈ ಕಟ್ಟಿಸಿಕೊಳ್ಳದೆ ತೀರಿಕೊಂಡ. ಅಷ್ಟೇ ನಾನು ಹೇಳಬಹುದಾದದ್ದು, ಅದು ಸಣ್ಣದಲ್ಲ ಎಂದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ಅಲ್ಲಿಂದ ಅವಳಿಗೆ ಬೇಡಿಕೆ ಶುರುವಾಯಿತು. ಬೋರಲು ಬಿದ್ದವರು ಮಾಸ್ಕಿನ ಒಳಗಿಂದಲೇ ಕೇಳುತ್ತಿದ್ದರು: "ಕಾಲು ಹಿಡಿಯೋ ಅಮ್ಮ ಬಂದ್ಳಾ?" ಕೈಗೆ ಸೂಜಿಯಿದೆ, ಮುಖಕ್ಕೆ ಮಾಸ್ಕಿದೆ, ಬೆನ್ನಿಗೆ ತಂತಿಯಿದೆ, ಮನುಷ್ಯನಿಗೆ ಅಂತ ಉಳಿದಿದ್ದ ಜಾಗ ಪಾದ ಒಂದೇ, ಅದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಅವಳಿಗೆ ಬೇರೆ ಏನೂ ಗೊತ್ತಿರಲಿಲ್ಲವಾದ್ದರಿಂದ ಅದು ಹೊಳೆಯಿತು. ಗುಡಿಸುವ, ಬೆಡ್‌ಪ್ಯಾನ್ ತೆಗೆಯುವ ಕೆಲಸ ಮುಗಿಸಿ ಒಂದೊಂದು ಮಂಚದ ಬುಡದಲ್ಲೂ ಕೂರುತ್ತಿದ್ದಳು. ಐದು ನಿಮಿಷದ ಕಡೆ ಹದಿನೈದು ನಿಮಿಷ. ನಾನು ಗಡಿಯಾರ ತೋರಿಸಿದರೆ, "ಇನ್ನೊಂದು ಕಾಲು ಬಾಕಿ ಇದೆ ಸಿಸ್ಟರ್, ಒಂದನ್ನ ಹಿಡಿದು ಇನ್ನೊಂದನ್ನ ಬಿಟ್ರೆ ಅದಕ್ಕೆ ಬೇಜಾರಾಗಲ್ವಾ" ಎನ್ನುತ್ತಿದ್ದಳು. ನರ್ಸುಗಳು ಕಿಸಕ್ಕನೆ ನಗುತ್ತಿದ್ದರು. ಆ ವಾರ್ಡಿನಲ್ಲಿ ನಗು ಕೇಳಿ ಬಹಳ ದಿನವಾಗಿತ್ತು, ಅದಕ್ಕೇ ನಾನೂ ಸಹಿಸಿಕೊಂಡೆ.

ಇತ್ತ ಅವಳ ವಠಾರದಲ್ಲಿ ನಲ್ಲಿಯ ಹತ್ತಿರ ಬರಬೇಡ ಎಂದಿದ್ದರಂತೆ. ಮನೆಗೆ ಹೋಗುವ ದಾರಿಯಲ್ಲಿ ಆಸ್ಪತ್ರೆಯ ನಲ್ಲಿಯಿಂದಲೇ ಎರಡು ಕ್ಯಾನು ನೀರು ತುಂಬಿಸಿಕೊಂಡು ಹೋಗುತ್ತಿದ್ದಳು. ಇದನ್ನು ಹೇಳಿದ್ದು ಕಾವಲಿನವನು. ಅವಳು ಬಾಯಿಬಿಟ್ಟಿರಲಿಲ್ಲ.

ಒಂದು ದಿನ ಮಧ್ಯಾಹ್ನ ಸುತ್ತು ಹಾಕುವಾಗ ನೋಡುತ್ತೇನೆ, ಆರನೇ ಮಂಚದ ಹತ್ತಿರ ಅವಳು ಕೂತಿದ್ದಾಳೆ, ಮುದುಕಿಯೊಬ್ಬಳ ಪಾದ ಅವಳ ಕೈಯಲ್ಲಿದೆ, ಆ ಕೈ ಬರಿಗೈ. ನಾಲ್ಕೂ ಗ್ಲೌಸು ಬಿಚ್ಚಿ ಪಕ್ಕದ ತಟ್ಟೆಯಲ್ಲಿ ಒಪ್ಪವಾಗಿ ಇಟ್ಟಿದ್ದಾಳೆ.

ನನಗೆ ಮೈಯೆಲ್ಲ ಉರಿದುಹೋಯಿತು. "ಇದೇನು ಮಾಡ್ತಿದ್ದೀಯಾ? ಸಾಯ್ಬೇಕು ಅಂತಿದ್ದೀಯಾ?"

ಅವಳು ಎದ್ದು ನಿಂತಳು. "ರಬ್ಬರ್ ಹಾಕ್ಕೊಂಡ್ರೆ ಪಾದ ಗೊತ್ತಾಗಲ್ಲ ಸಿಸ್ಟರ್. ತಣ್ಣಗಿದೆಯೋ ಬೆಚ್ಚಗಿದೆಯೋ ಅನ್ನೋದೇ ತಿಳಿಯಲ್ಲ. ಅವರಿಗೂ ಅಷ್ಟೇ, ಕೈ ಅಂತ ಅನಿಸಲ್ಲ, ಚೀಲ ಮುಟ್ಟಿದ ಹಾಗಿರುತ್ತೆ. ಆಮೇಲೆ ಚೆನ್ನಾಗಿ ಸೋಪು ಹಾಕಿ ತೊಳ್ಕೊತೀನಿ."

"ಎಷ್ಟು ದಿನದಿಂದ ನಡೀತಿದೆ ಇದು?"

"ಆ ಡ್ರೈವರ್ ಕಾಲು ಹಿಡಿದ ಮಾರನೇ ದಿನದಿಂದ" ಎಂದಳು. ಸುಳ್ಳು ಹೇಳಲು ಬರುತ್ತಿರಲಿಲ್ಲ ಅವಳಿಗೆ. ಹೇಳಿದ್ದರೆ ನಾನೂ ನಂಬಿದಂತೆ ಮಾಡುತ್ತಿದ್ದೆನೇನೋ.

ಅಂದೇ ಚೀಟಿ ಬರೆದೆ. 'ಇವರನ್ನು ಯಾವ ಕಾರಣಕ್ಕೂ ವಾರ್ಡಿನ ಒಳಗೆ ಬಿಡಬಾರದು.' ಕೆಳಗೆ ನನ್ನ ಸಹಿ, ಮುದ್ರೆ. ವಾರ್ಡಿನ ಬಾಗಿಲಿಗೆ ಅಂಟಿಸಿ ಕಾವಲಿನವನಿಗೆ ಹೇಳಿದೆ: "ಕನಿಕರ ಪಟ್ಟು ಬಿಟ್ಟೀಯ. ಯಾರು ಫೋನ್ ಮಾಡಿ ಹೇಳಿದ್ರೂ ಬಿಡಬೇಡ. ನಾನೇ ಫೋನ್ ಮಾಡಿ ಹೇಳಿದ್ರೂ ಬಿಡಬೇಡ. ನನ್ನ ಸಹಿ ಇರೋ ಇನ್ನೊಂದು ಕಾಗದ ಕಣ್ಣಾರೆ ನೋಡಿದ್ರೆ ಮಾತ್ರ." ಅವನು ಸೆಲ್ಯೂಟ್ ಹೊಡೆದ. ನಂಬರಕ್ಕನನ್ನು ನೆಲಮಾಳಿಗೆಯ ಬಟ್ಟೆ ಕೋಣೆಗೆ ಹಾಕಿದೆ, ಒಗೆದು ಬಂದ ಹೊದಿಕೆ ಮಡಚುವುದಕ್ಕೆ. ಅವಳು ಜಗಳ ಆಡಲಿಲ್ಲ. ಹೋಗುವಾಗ ಆರನೇ ಮಂಚದ ಮುದುಕಿಗೆ ಎಡ ಪಾದ ಬೇಗ ತಣ್ಣಗಾಗುತ್ತದೆ, ಕಾಲುಚೀಲ ಹಾಕಿ ಎಂದಷ್ಟೇ ಹೇಳಿ ಹೋದಳು. ಕಾಲುಚೀಲ ಹಾಕಲು ನಮಗೆ ನೆನಪಾಗಲಿಲ್ಲ.

ವಾರ್ಡು ಗಪ್‌ಚಿಪ್ಪಾಯಿತು. ಕೆಲಸ ಚುರುಕಾಯಿತು, ಸುತ್ತು ಹೊತ್ತಿಗೆ ಸರಿಯಾಗಿ ಮುಗಿಯತೊಡಗಿತು. ಎರಡು ಮೂರು ದಿನ ರೋಗಿಗಳು ಕೇಳಿದರು, ಕಾಲಿನ ಅಮ್ಮ ಎಲ್ಲಿ ಎಂದು. ರಜೆಯಲ್ಲಿದ್ದಾಳೆ ಎಂದೆ. ಆಮೇಲೆ ಕೇಳುವವರು ಇರಲಿಲ್ಲ. ಕೆಲವರು ಹೋದರು, ಹೊಸಬರು ಬಂದರು.

ಇನ್ನು ನನ್ನ ಮನೆಯ ವಿಷಯ. ಮನೆಯಲ್ಲಿ ನಾನು ಮತ್ತು ಅಮ್ಮ, ಇಬ್ಬರೇ. ಅಮ್ಮನಿಗೆ ಎಪ್ಪತ್ತೆಂಟು. ಮೂಗಿನ ತುದಿಯಲ್ಲಿ ಕೋಪ, ನನಗೆ ಬಂದದ್ದು ಅಲ್ಲಿಂದಲೇ. ಕಿವಿಗೆ ಮಿಷನ್ ಹಾಕಿಕೊಂಡರೆ ಮಾತ್ರ ಕೇಳಿಸುತ್ತಿತ್ತು, ಬೇಡದ ಮಾತು ಬಂದರೆ ಅದನ್ನು ತೆಗೆದು ಮೇಜಿನ ಮೇಲೆ ಇಟ್ಟುಬಿಡುತ್ತಿದ್ದಳು. ರೋಗ ಶುರುವಾದ ದಿನದಿಂದ ನಾನು ಮುಂದಿನ ಕೋಣೆ, ಅವಳು ಹಿಂದಿನ ಕೋಣೆ. ಊಟದ ತಟ್ಟೆಯನ್ನು ಅವಳ ಹೊಸ್ತಿಲಲ್ಲಿ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದೆ. ಅವಳು ಬಂದು ತೆಗೆದುಕೊಳ್ಳುತ್ತಿದ್ದಳು. ಮೊದಲೆಲ್ಲ ಭಾನುವಾರ ನಾನೇ ಅವಳ ತಲೆ ಬಾಚುತ್ತಿದ್ದೆ, ಉಗುರು ತೆಗೆಯುತ್ತಿದ್ದೆ. ಅದೆಲ್ಲ ನಿಲ್ಲಿಸಿದೆ. "ನಾನೇನು ಗಾಜಿನ ಬೊಂಬೇನಾ? ಹತ್ರ ಬಂದ್ರೆ ಒಡೆದೋಗ್ತೀನಾ?" ಎಂದು ಒಂದು ದಿನ ಕೂಗಿದಳು. "ನಿನ್ನ ಒಳ್ಳೇದಕ್ಕೇ ಅಮ್ಮ" ಎಂದೆ. ಮಿಷನ್ ತೆಗೆದು ಮೇಜಿನ ಮೇಲೆ ಇಟ್ಟಳು. ಹೀಗೆ ಎರಡೂವರೆ ತಿಂಗಳು ನಾನು ನನ್ನ ತಾಯಿಯನ್ನು ಮುಟ್ಟಲಿಲ್ಲ.

ಇಷ್ಟು ಮಾಡಿಯೂ ರೋಗ ನನ್ನ ಜೊತೆಯಲ್ಲೇ ಮನೆಗೆ ಬಂತು. ಒಂದು ಸೋಮವಾರ ಅಮ್ಮನಿಗೆ ಉಸಿರು ಕಟ್ಟಿತು. ನನ್ನದೇ ವಾರ್ಡು, ಹದಿನಾಲ್ಕನೇ ಮಂಚ. ಮೈಯೆಲ್ಲ ಮುಚ್ಚುವ ಕಿಟ್ಟು ತೊಟ್ಟು ಒಂದು ಪಾಳಿ ನಾನೇ ನೋಡಿಕೊಂಡೆ, ಅದೂ ಐದೈದು ನಿಮಿಷ, ಯಾಕೆಂದರೆ ಉಳಿದ ಇಪ್ಪತ್ತಮೂರು ಜನರ ಎದುರು ನನ್ನ ತಾಯಿಗೆ ಬೇರೆ ನಿಯಮ ಮಾಡಲು ನಾಚಿಕೆಯಾಯಿತು. ಮಂಗಳವಾರ ನನಗೇ ಜ್ವರ. ಪರೀಕ್ಷೆಯಲ್ಲಿ ರೋಗ ಖಚಿತವಾಯಿತು. ಸಿಬ್ಬಂದಿಗೆ ಅಂತ ಇದ್ದ ಆರನೇ ಮಹಡಿಯ ಕೋಣೆಯಲ್ಲಿ ನನ್ನನ್ನು ಮಲಗಿಸಿದರು.

ಇಬ್ಬರೂ ರೋಗಿಗಳೇ ಆದ ಮೇಲೆ ಪಕ್ಕಪಕ್ಕದಲ್ಲೇ ಯಾಕೆ ಹಾಕಲಿಲ್ಲ ಎಂದು ಕೇಳುತ್ತೀರಿ. ನಾನೂ ಅದನ್ನೇ ಕೇಳಿ ಗೋಗರೆದೆ. ಕೆಳಗೆ ಖಾಲಿ ಮಂಚ ಇರಲಿಲ್ಲ, ಇದ್ದಿದ್ದರೂ ಅದಕ್ಕಾಗಿ ನನಗಿಂತ ಕಷ್ಟದಲ್ಲಿದ್ದವರು ಹೊರಗೆ ಕಾಯುತ್ತಿದ್ದರು. ಎದ್ದು ಹೋಗೋಣವೆಂದರೆ ನಾಲ್ಕು ಹೆಜ್ಜೆಗೆ ಕಣ್ಣು ಕತ್ತಲೆ ಬಂದು ಗೋಡೆ ಹಿಡಿಯಬೇಕಾಗಿತ್ತು. ಕೆಳಗಿನ ವಾರ್ಡಿನಿಂದ ಕನ್ನಡಕದ ಸಿಸ್ಟರ್ ಎಂದು ನಾವು ಕರೆಯುವ ನರ್ಸ್ ಮೂರು ಗಂಟೆಗೊಮ್ಮೆ ಫೋನ್ ಮಾಡಿ ಅಮ್ಮನ ಆಕ್ಸಿಜನ್ ಅಂಕಿ ಹೇಳುತ್ತಿದ್ದಳು. ಎಂಬತ್ತಾರು. ಎಂಬತ್ತನಾಲ್ಕು. ಆ ಅಂಕಿಗಳನ್ನು ಓದುವುದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಶುಕ್ರವಾರ ಹನ್ನೆರಡೂವರೆಗೆ ಅವಳ ಫೋನ್ ಬಂತು. ಅಂಕಿ ಹೇಳಲಿಲ್ಲ.

"ಅಕ್ಕಾ, ಅಮ್ಮ ಒಂದೇ ಸಮ ಕಾಲು ಆಡಿಸ್ತಿದ್ದಾರೆ. ನೋವಿಗಲ್ಲ. ಹಾಸಿಗೆ ಮೇಲೆ ಆ ಕಡೆ ಈ ಕಡೆ, ಏನೋ ಹುಡುಕಿದ ಹಾಗೆ. ಮಾಸ್ಕ್ ಪಟ್ಟಿಗೆ ಅಡ್ಡ ಬರುತ್ತೆ ಅಂತ ಕಿವಿ ಮಿಷನ್ ತೆಗೆದಿದ್ದೀವಿ, ಏನು ಹೇಳಿದ್ರೂ ಕೇಳಿಸ್ತಿಲ್ಲ. ನಾನು ಎರಡು ಸಲ ಹೋಗಿ ನಿಂತೆ. ಇಪ್ಪತ್ತನಾಲ್ಕು ಜನಕ್ಕೆ ಇಬ್ಬರಿದ್ದೀವಿ ಅಕ್ಕಾ, ನಿಲ್ಲೋಕೆ ಆಗ್ತಿಲ್ಲ."

ಡಾಕ್ಟರು ಏನಂದರು ಎಂದು ಕೇಳಿದೆ. ಸಂಜೆ ದಾಟುವುದು ಕಷ್ಟ ಎಂದರಂತೆ.

ಅಮ್ಮ ಸಾಯುತ್ತಾಳೆ ಎಂದು ನನಗೆ ಆಗ ಗೊತ್ತಾಯಿತು, ಅದನ್ನು ತಡೆಯುವವರು ಯಾರೂ ಇರಲಿಲ್ಲ. ಆದರೆ ಅವಳು ಮಾತು ಕೇಳಿಸದೆ, ಎರಡು ಟೈಲ್ಸು ನೋಡುತ್ತಾ, ಕಾಲಲ್ಲಿ ಯಾರನ್ನೋ ಹುಡುಕುತ್ತಾ ಸಾಯಬೇಕಾಗಿರಲಿಲ್ಲ. ಅದನ್ನು ತಡೆಯಬಲ್ಲವಳು ಒಬ್ಬಳಿದ್ದಳು, ಅವಳನ್ನು ನಾನೇ ಹೊರಗೆ ಹಾಕಿದ್ದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ನಾನು ಮಾಡಿದ್ದನ್ನು ನನ್ನ ಅಮ್ಮ ಉಣ್ಣುತ್ತಿದ್ದಳು.

ಬಟ್ಟೆ ಕೋಣೆಗೆ ಫೋನ್ ಮಾಡಿದೆ. ಅವಳೇ ಎತ್ತಿಕೊಂಡಳು.

"ನಾನು" ಎಂದೆ. ಅಷ್ಟರಲ್ಲಿ ಕೆಮ್ಮು ಬಂತು.

"ಗೊತ್ತಾಯ್ತು ಸಿಸ್ಟರ್. ಅಮ್ಮನ ವಿಷಯ ಕೇಳಿದೆ. ಹೊದಿಕೆ ಕಳಿಸುವಾಗ ಮೆತ್ತಗಿರೋದನ್ನೇ ಆರಿಸಿ ಹದಿನಾಲ್ಕಕ್ಕೆ ಅಂತ ಹೇಳಿ ಕಳಿಸ್ತಿದ್ದೀನಿ."

"ನೀನು ಹೋಗ್ತೀಯಾ? ಅಮ್ಮನ ಹತ್ರ?"

"ಹೋಗ್ತೀನಿ" ಎಂದಳು. ಆಮೇಲೆ ಮೆಲ್ಲಗೆ, "ಬಾಗಿಲಲ್ಲಿ ಚೀಟಿ ಇದೆಯಲ್ಲ ಸಿಸ್ಟರ್" ಎಂದಳು. ಕುಟುಕುವುದಕ್ಕೆ ಹೇಳಿದ್ದಲ್ಲ. ಕುಟುಕಿದ್ದರೆ ನನಗೆ ಹಗುರವಾಗುತ್ತಿತ್ತು.

ಕಾವಲಿನವನಿಗೆ ಫೋನ್ ಮಾಡಿ ಚೀಟಿ ಹರಿದುಹಾಕು ಎಂದೆ. "ಮೇಡಂ, ನೀವೇ ಹೇಳಿದ್ರಲ್ಲ, ನೀವೇ ಫೋನ್ ಮಾಡಿದ್ರೂ ಬಿಡಬಾರ್ದು ಅಂತ" ಎಂದ, ನಾನು ಅವನನ್ನು ಪರೀಕ್ಷೆ ಮಾಡುತ್ತಿದ್ದೇನೆ ಎಂಬ ಜಾಣತನ ಅವನ ದನಿಯಲ್ಲಿ. ಬೇಡಿದೆ, ಬೈದೆ. "ನೀವು ಎಷ್ಟು ಬೈದ್ರೂ ಸರಿ, ನಿಮ್ಮ ಸಹಿ ಕಾಗದ ಬರ್ಲಿ ಮೇಡಂ" ಎಂದ. ಕಾಗದ ಬರೆದೆ. ಆದರೆ ರೋಗಿಯ ಕೋಣೆಯಿಂದ ಹೊರಹೋಗುವ ಯಾವ ವಸ್ತುವೂ ಚೀಲದಲ್ಲಿ ಒಂದು ಇಡೀ ದಿನ ಇರಬೇಕು. ಆ ನಿಯಮದ ಕೆಳಗೂ ನನ್ನದೇ ಸಹಿ. ಆರನೇ ಮಹಡಿಯ ಆಯಾ ಬಾಗಿಲಲ್ಲಿ ನಿಂತು ಕೈ ಚಾಚಲು ಹೆದರಿದಳು. ಕಾಗದದ ಫೋಟೋ ತೆಗೆದು ಕಾವಲಿನವನಿಗೆ ಕಳಿಸೋಣವೆಂದರೆ ಅವನದು ಗುಂಡಿ ಒತ್ತುವ ಹಳೇ ಫೋನು. ಕೊನೆಗೆ ಕನ್ನಡಕದ ಸಿಸ್ಟರ್‌ಗೆ ಕಳಿಸಿದೆ. ಅವಳು ಒಬ್ಬ ರೋಗಿಯನ್ನು ಮಗುಚುತ್ತಿದ್ದವಳು ಅದನ್ನು ಮುಗಿಸಿ, ಗ್ಲೌಸು ಬದಲಿಸಿ, ಫೋನ್ ತೆಗೆದು ನೋಡಿ, ಬಾಗಿಲ ಗಾಜಿಗೆ ಹಿಡಿದು ತೋರಿಸಿದಳು. ಅವನು ಅಕ್ಷರ ಅಕ್ಷರ ಓದಿ ಬಾಗಿಲು ತೆಗೆದ. ನಂಬರಕ್ಕ ಅಷ್ಟೂ ಹೊತ್ತು ಹೊರಗೆ ಗೋಡೆಗೊರಗಿ ನಿಂತಿದ್ದಳಂತೆ. ಆಮೇಲೆ ಕಿಟ್ಟು ತೊಡಲು ಹದಿನೈದು ನಿಮಿಷ. ಅವಳು ಹದಿನಾಲ್ಕನೇ ಮಂಚ ಮುಟ್ಟಿದಾಗ ಎರಡು ಗಂಟೆಗೆ ಹತ್ತು ನಿಮಿಷವಿತ್ತು. ಒಂದು ಗಂಟೆಗೂ ಹೆಚ್ಚು ಹೊತ್ತು ಅಮ್ಮ ಒಬ್ಬಳೇ ಹುಡುಕಿದಳು. ಆ ಒಂದು ಗಂಟೆ ನನ್ನ ಲೆಕ್ಕಕ್ಕೆ, ಇನ್ನಾರ ಲೆಕ್ಕಕ್ಕೂ ಅಲ್ಲ.

ಗ್ಲೌಸು ಹಾಕಿಕೊಂಡಿದ್ದಳಾ ಎಂದು ನಾನು ಕೇಳಲಿಲ್ಲ, ಕನ್ನಡಕದ ಸಿಸ್ಟರ್ ಹೇಳಲೂ ಇಲ್ಲ. ನಂಬರಕ್ಕನಿಗೆ ಆ ರೋಗ ಕೊನೆಯವರೆಗೂ ಅಂಟಲಿಲ್ಲ, ಎರಡು ಜೊತೆ ಹಾಕಿದ ನನಗೆ ಅಂಟಿತು. ಇದನ್ನು ಓದಿ ಯಾರೂ ಗ್ಲೌಸು ಬಿಚ್ಚಬೇಡಿ. ನಾನು ಈಗಲೂ ನರ್ಸೇ, ಈಗಲೂ ಬೈಯುತ್ತೇನೆ.

ಮೂರು ಗಂಟೆಯ ಹತ್ತಿರ ಫೋನ್ ಬಂತು. ಕನ್ನಡಕದ ಸಿಸ್ಟರ್ ಬಿಕ್ಕಿದಳು, ಅಲ್ಲಿಗೆ ನನಗೆ ತಿಳಿಯಿತು. ಆಮೇಲೆ, "ನಂಬರಕ್ಕ ನಿಮ್ಮ ಹತ್ರ ಮಾತಾಡ್ಬೇಕಂತೆ, ಸ್ಪೀಕರ್ ಹಾಕ್ತೀನಿ, ಅವಳ ಕೈ ಬಿಡುವಿಲ್ಲ" ಎಂದಳು.

"ಸಿಸ್ಟರ್" ಎಂದಳು ನಂಬರಕ್ಕ. "ಅಮ್ಮ ಹೋದ್ರು. ಹತ್ತು ನಿಮಿಷ ಆಯ್ತು. ಡಾಕ್ಟ್ರು ಬಂದು ಟೈಮ್ ಬರ್ಕೊಂಡು ಹೋದ್ರು."

"ಹುಡುಕ್ತಾನೇ ಇದ್ಲಾ?"

"ಇಲ್ಲ ಸಿಸ್ಟರ್. ಹಿಡಿದ ಕೂಡ್ಲೇ ನಿಲ್ಲಿಸಿದ್ರು. ಐಸ್ ಆಗಿತ್ತು ಪಾದ. ಸ್ವಲ್ಪ ಹೊತ್ತಿಗೆ ಬೆಚ್ಚಗಾಯ್ತು. ಒಂದು ತಪ್ಪು ಮಾಡಿದ್ದೀನಿ, ಬೈಯೋದಾದ್ರೆ ಬೈದುಬಿಡಿ. ಅಮ್ಮ ನನ್ನನ್ನ ನೀವು ಅಂದ್ಕೊಂಡ್ರು. ಮಾಸ್ಕ್ ಒಳಗಿಂದ ಕೇಳಿದ್ರು, 'ಬಂದ್ಯಾ? ಡ್ಯೂಟಿ ಮುಗೀತಾ?' ಅಂತ. ಅಲ್ಲ ಅಂತ ಹೇಳಿದ್ರೂ ಅವರಿಗೆ ಕೇಳಿಸ್ತಿರ್ಲಿಲ್ಲ. ಹೇಳೋ ಮನಸ್ಸೂ ಬರ್ಲಿಲ್ಲ. ಪಾದ ಗಟ್ಟಿಯಾಗಿ ಒತ್ತಿದೆ. ಹೂಂ ಅಂತ ತಿಳ್ಕೊಂಡ್ರು. ಆಮೇಲೆ ಏನೂ ಕೇಳಲಿಲ್ಲ."

ಇಪ್ಪತ್ತಾರು ವರ್ಷ ಅಮ್ಮ ನನ್ನನ್ನು ಕೇಳಿದ್ದು ಆ ಒಂದೇ ಪ್ರಶ್ನೆ. ಫೋನಿನಲ್ಲಿ ಕೇಳುತ್ತಿದ್ದಳು, ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದಳು, ಊಟ ಆರಿಹೋಗುತ್ತಿರುವಾಗ ಕೇಳುತ್ತಿದ್ದಳು. ಇನ್ನೂ ಇಲ್ಲಮ್ಮ, ನೀನು ಮಲಗು ಎನ್ನುತ್ತಿದ್ದೆ ನಾನು. ಅವಳಿಗೆ ಬೇಕಾಗಿದ್ದ ಉತ್ತರವನ್ನು ಕೊನೆಗೆ ಕೊಟ್ಟವಳು ಚಪ್ಪಲಿ ಅಂಗಡಿಯ ಹೆಂಗಸು. ಅಮ್ಮ ಅದನ್ನು ನಂಬಿಕೊಂಡು ಹೋದಳು. ಅದು ಸಮಾಧಾನವೋ ಶಿಕ್ಷೆಯೋ ಎಂದು ಇವತ್ತಿಗೂ ನನಗೆ ತೀರ್ಮಾನ ಮಾಡಲಾಗಿಲ್ಲ. ಆ ಹೊತ್ತಿಗೆ ಅತ್ತುಬಿಟ್ಟೆ, ಅಷ್ಟೇ.

ನಂಬರಕ್ಕ ಕಾದಳು. ನನ್ನ ಅಳು ಸ್ವಲ್ಪ ತಗ್ಗಿದ ಮೇಲೆ ಮತ್ತೆ ಕರೆದಳು.

"ಸಿಸ್ಟರ್, ನಾನು ಇನ್ನೂ ಹಿಡ್ಕೊಂಡಿದ್ದೀನಿ. ತಗೊಂಡು ಹೋಗೋರು ಚೀಲ ತಂದು ಬಾಗಿಲಲ್ಲಿ ನಿಂತಿದ್ದಾರೆ. ನಾನು ತಡೆದಿದ್ದೀನಿ. ಮಗಳು ನೀವು ಮೇಲಿದ್ದೀರಿ, ನಿಮ್ಮನ್ನ ಕೇಳದೆ ಹೇಗೆ ಬಿಡೋದು ಅಂತ. ಈಗ ಬಿಡಲಾ?"

ದಿನಕ್ಕೆ ಎಷ್ಟು ಸಲ ನಾನು ಆ ವಾರ್ಡಿನಲ್ಲಿ ಬೇಗ ಬೇಗ ಎಂದಿದ್ದೇನೋ. ಮಂಚ ಖಾಲಿಯಾಗಬೇಕು, ಹೊರಗೆ ಇನ್ನೊಬ್ಬರು ಉಸಿರಿಗೆ ಒದ್ದಾಡುತ್ತಾ ಕಾದಿರುತ್ತಾರೆ, ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಬೆಚ್ಚಗಿದೆಯಾ ಇನ್ನೂ?" ಎಂದು ಕೇಳಿದೆ.

"ಎಡಗಾಲು ಇಲ್ಲ. ಬಲಗಾಲು ಸ್ವಲ್ಪ ಇದೆ ಸಿಸ್ಟರ್."

"ಅದು ಹೋಗೋವರೆಗೂ ಇರು" ಎಂದೆ.

ಅವಳು ಇದ್ದಳು. ಬಾಗಿಲಲ್ಲಿದ್ದವರೂ ಸುಮ್ಮನೆ ನಿಂತರು. ಫೋನ್ ಯಾರೂ ಇಡಲಿಲ್ಲ, ವಾರ್ಡಿನ ಯಂತ್ರಗಳ ಸದ್ದು ನನ್ನ ಕಿವಿಯಲ್ಲಿ ಬರುತ್ತಲೇ ಇತ್ತು. ಸುಮಾರು ಹೊತ್ತಾದ ಮೇಲೆ ಅವಳು, "ಹೋಯ್ತು ಸಿಸ್ಟರ್" ಎಂದಳು. ಆಗ ನಾನೇ ಹೇಳಿದೆ, ಬಿಡು ಅಂತ.